ಓರಗಿತ್ತಿಯ ಕಾಗದದ ತಾವರೆ

ನರಸೀಪುರದ ನನ್ನ ಓರಗಿತ್ತಿ ತನ್ನ ಮಗುವಿನ ಆಲ್ಬಮ್ಮಿಗೆ ಕಾಗದದ ತಾವರೆ ಮಾಡಿದ್ದಳು. ದಳದ ಮೇಲೆ ದಳ ಅಂಟಿಸಿ, ಪುಟದಿಂದ ಎದ್ದು ನಿಲ್ಲುವಂಥದ್ದು. ನಂಜನಗೂಡಿನಲ್ಲಿ ಕೂತು ನಾನು ಮಾಡಿದವೆಲ್ಲ ಗೋಂದು ಒಣಗುವಷ್ಟರಲ್ಲಿ ಬಾಡಿದ ಸೊಪ್ಪಿನ ಹಾಗೆ ಮಲಗುತ್ತಿದ್ದವು. ಹೊಟ್ಟೆ ಉರಿಯಿತು. ಆದರೂ ನಗುತ್ತಲೇ, ಇಷ್ಟು ಗಟ್ಟಿ ಕಾಗದ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

“ನಿಮ್ ಮದ್ವೆ ಕಾರ್ಡು ಕಣಕ್ಕ. ಅತ್ತೇನೇ ಕೊಟ್ರು. ಸುಮ್ನೆ ಬಿದ್ದದೆ, ಕತ್ತರಿಸ್ಕೊ ಅಂದ್ರು.”

ಮಾರನೆಯ ದಿನವೇ ಕಳಲೆಗೆ, ಅತ್ತೆಯ ಮನೆಗೆ ಹೋದೆ. ಓರಗಿತ್ತಿಯ ಮದುವೆ ಕಾರ್ಡನ್ನೂ ಕತ್ತರಿಸಿಯೇ ಬಿಡಬೇಕೆಂದು ಬ್ಯಾಗಿನಲ್ಲಿ ಕತ್ತರಿ ಇಟ್ಟುಕೊಂಡಿದ್ದೆ. ಕಾರ್ಡು ಹುಡುಕಬೇಕಾಗಲೇ ಇಲ್ಲ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಸಿಕೊಂಡು, ದೇವರ ಮನೆಯಲ್ಲಿ ಪಟಕ್ಕೆ ಒರಗಿ ಕೂತಿತ್ತು. ಅತ್ತೆ ಬೆಳಗ್ಗೆ ಅದಕ್ಕೊಂದು ಹೂವನ್ನೂ ಏರಿಸಿದ್ದರು, ನಿಜವಾದ ಹೂವು.