ಟೆಕ್ಸಾಸಿನ ಸಂಬಳ, ಡ್ರೋಹೆಡಾದ ಲೆಕ್ಕ

ನಾವಿರುವುದು ಐರ್ಲೆಂಡಿನ ಡ್ರೋಹೆಡಾ ಊರಿನಲ್ಲಿ. ನನ್ನ ಗಂಡನಿಗೆ ಟೆಕ್ಸಾಸಿನಿಂದ ಕೆಲಸದ ಆಫರ್ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವರು ಭಾವ. ಇವರ ಅಣ್ಣ, ಅಲ್ಲೇ ಸಂಸಾರ ಹೂಡಿದವರು. "ಇಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸೇ ಇಲ್ಲ ಕಣೋ! ಐರ್ಲೆಂಡ್ ಸರ್ಕಾರಕ್ಕೆ ಅಷ್ಟೊಂದು ಸುರೀತಿದ್ದೀಯಲ್ಲ, ಬುದ್ಧಿ ಇದ್ಯಾ?" ಎಂದು ವಿಡಿಯೊ ಕಾಲ್‌ನಲ್ಲೇ ಬೈದರು. ಸೋಮವಾರದೊಳಗೆ ಕಂಪನಿಗೆ ಉತ್ತರ ಹೇಳಬೇಕಿತ್ತು. ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತ್ ಮುಗಿಸಿ ಇವರು ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಕೂತರು. ಪಕ್ಕದಲ್ಲಿ ನಿಲ್ಲಿಸಿದ ಫೋನಿನೊಳಗಿಂದ ಭಾವನ ಸಲಹೆ ನಡೆದೇ ಇತ್ತು.

ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ. ನನ್ನ ಗಂಡ ಲೆಕ್ಕದಲ್ಲಿ ಪೆದ್ದನಲ್ಲ. ಸ್ಟೇಟ್ ಟ್ಯಾಕ್ಸ್ ಇಲ್ಲದಿದ್ದರೂ ಕೇಂದ್ರ ಸರ್ಕಾರದ ಫೆಡರಲ್ ಟ್ಯಾಕ್ಸ್ ಇದ್ದೇ ಇದೆ, ಪಿಂಚಣಿಗೆಂದು ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಇದೆ, ಆರೋಗ್ಯ ವಿಮೆಯನ್ನೂ ಸಂಬಳದಿಂದಲೇ ಹಿಡಿಯುತ್ತಾರೆ ಎಂದು ಒಂದೊಂದಾಗಿ ಕಳೆದರು. ಭಾವನಿಗೆ ಅದು ಹಿಡಿಸಲಿಲ್ಲ. "ಬರೀ ಕಳೀತಾ ಕೂರ್ಬೇಡ್ವೋ, ಉಳಿಯೋದು ನೋಡು!" ಎಂದು ರೇಗಿದರು.

"ನೋಡೇ, ಎಲ್ಲಾ ಕಳೆದ್ರೂ ಅಲ್ಲೇ ಜಾಸ್ತಿ ಕೈಗೆ ಬರುತ್ತೆ" ಎಂದು ಇವರು ಪರದೆಯನ್ನು ನನ್ನತ್ತ ತಿರುಗಿಸಿದರು.

ಕೈ ಒರೆಸಿಕೊಂಡು ನೋಡಿದೆ. ಟೆಕ್ಸಾಸಿನ ಕಡೆ ಒಂದು ಸಂಬಳ. ಐರ್ಲೆಂಡಿನ ಕಡೆಯೂ ಒಂದೇ.

"ನನ್ನ ಸಂಬಳ ಎಲ್ರೀ?"

"ಅದು ನಿನ್ನ ದುಡ್ಡಲ್ವಾ, ಅದನ್ನ ಯಾಕೆ ಸೇರಿಸ್ಲಿ?"

ಕಪಟವೇನೂ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ನನ್ನ ಅತ್ತೆ ಮೈಸೂರಿನಲ್ಲಿ ಟೀಚರ್ ಆಗಿದ್ದವರು. ಅವರ ಸಂಬಳದ ಒಂದು ಕಾಸನ್ನೂ ಮನೆಗೆ ಬಳಸಲಿಲ್ಲ ಎಂಬುದು ಮಾವನವರ ದೊಡ್ಡಸ್ತಿಕೆ. ಹೆಂಡತಿ ದುಡ್ಡಲ್ಲಿ ಮನೆ ನಡೆಸುವವನು ಗಂಡಸೇ ಅಲ್ಲ ಎಂದು ಇಬ್ಬರು ಗಂಡುಮಕ್ಕಳಿಗೂ ಕಲಿಸಿಟ್ಟಿದ್ದಾರೆ. ಇವರೂ ನನ್ನ ಸಂಬಳ ಮುಟ್ಟಿದವರಲ್ಲ. ಬಾಡಿಗೆ, ಕರೆಂಟು, ದಿನಸಿ ಎಲ್ಲ ಇವರದೇ. "ಪುಣ್ಯ ಮಾಡಿದ್ದೀಯ ಕಣೇ" ಎಂದು ಗೆಳತಿಯರು ಹೇಳಿದಾಗ ನಾನೂ ಬೀಗಿದ್ದುಂಟು. ಮುಟ್ಟದ ದುಡ್ಡು ಇವರ ಕಣ್ಣಿಗೂ ಬೀಳುತ್ತಿಲ್ಲ ಎಂದು ಆ ಮಧ್ಯಾಹ್ನದವರೆಗೆ ಹೊಳೆದಿರಲಿಲ್ಲ.

"ಅಲ್ಲಿಗೆ ಹೋದ್ರೆ ನನ್ನ ಕೆಲಸದ ಕಥೆ ಏನು?"

ಇವರು ಫೋನಿನತ್ತ ನೋಡಿದರು. ಭಾವನೇ ಬಾಯಿಬಿಟ್ಟರು: "ಈ ವೀಸಾದಲ್ಲಿ ಹೆಂಡತಿ ಕೆಲಸ ಮಾಡೋ ಹಾಗಿಲ್ಲಮ್ಮ. ಗ್ರೀನ್ ಕಾರ್ಡಿನ ಕೆಲಸ ಸ್ವಲ್ಪ ಮುಂದಕ್ಕೆ ಹೋಗ್ಬೇಕು, ಕೆಲವು ವರ್ಷ ಹಿಡಿಯುತ್ತೆ. ಅಲ್ಲಿವರೆಗೂ ಆರಾಮಾಗಿ ಮನೇಲಿರು. ನಿನಗ್ಯಾಕಮ್ಮಾ ದುಡಿಯೋ ಕರ್ಮ?"

ಕರ್ಮವಂತೆ! ನಾನು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಮೈಸೂರಿನ ಡಿಗ್ರಿಗೆ ಈ ದೇಶದಲ್ಲಿ ಮಾನ್ಯತೆ ಸಿಗಲು ವರ್ಷಗಟ್ಟಲೆ ಕಾದಿದ್ದೇನೆ, ಅಲ್ಲಿಯವರೆಗೆ ಅಂಗಡಿಯಲ್ಲಿ ನಿಂತು ಬ್ರೆಡ್ಡು ಜೋಡಿಸಿದ್ದೇನೆ. ಈಗ ಜನರ ರಕ್ತ ಪರೀಕ್ಷೆಯ ವರದಿ ನಾನು ಸರಿಯೆಂದ ಮೇಲೆಯೇ ಡಾಕ್ಟರ ಕೈ ಸೇರುತ್ತದೆ. ಪ್ರತಿ ತಿಂಗಳ ಪೇಸ್ಲಿಪ್‌ನಲ್ಲಿ ತೆರಿಗೆ ಹಿಡಿದಿದ್ದು ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ಆದರೆ ಹಿಡಿಯುವುದಕ್ಕೆ ನನ್ನದು ಅಂತ ಒಂದು ಸಂಬಳ ಇದೆಯಲ್ಲ!

"ಭಾವ, ನೀವು ದೊಡ್ಡೋರು, ಬೇಜಾರು ಮಾಡ್ಕೋಬೇಡಿ. ಸೊನ್ನೆಗೆ ಯಾವ ಸರ್ಕಾರನೂ ಟ್ಯಾಕ್ಸ್ ಹಾಕಲ್ಲ. ನೀವು ನನಗೆ ಕೊಡಿಸ್ತೀನಿ ಅಂತಿರೋದು ಆ ಸೊನ್ನೆ. ಅದು ನನಗೆ ಬೇಡ."

"ಇಷ್ಟು ಹಠ ಒಳ್ಳೇದಲ್ಲಮ್ಮ."

"ಹೂಂ, ಹಠಾನೇ ಅಂದ್ಕೊಳ್ಳಿ."

ಭಾವ ಏನೋ ಕೆಲಸ ನೆನಪಾಯಿತೆಂದು ಕಾಲ್ ಇಟ್ಟರು. ಇವರನ್ನು ಅಲ್ಲೇ ಕೂರಿಸಿ ಎರಡೂ ಸಂಬಳ ಸೇರಿಸಿ ಮತ್ತೆ ಲೆಕ್ಕ ಹಾಕಿಸಿದೆ. ಡ್ರೋಹೆಡಾ ಮುಂದೆ ಬಂತು. ಬಹಳವೇನಲ್ಲ, ಆದರೂ ಬಂತು. ಇವರು ನಿಟ್ಟುಸಿರು ಬಿಟ್ಟು, "ಮೊದಲೇ ಹೇಳೋದಲ್ವಾ" ಎಂದರು.

"ಡ್ರೋಹೆಡಾ ಮುಂದೆ ಬರದೇ ಇದ್ರೂ ನಾನು ಹೋಗ್ತಿರ್ಲಿಲ್ಲ. ಬೇಕಾದ್ರೆ ನೀವು ಹೋಗಿ. ನಾನು, ಮಗಳು ಇಲ್ಲೇ."

ಸೋಫಾದ ಮೇಲಿದ್ದ ಮಗಳು ತಲೆ ಎತ್ತದೆ, "ಐಯಾಮ್ ಗ್ರ್ಯಾಂಡ್ ಹಿಯರ್" ಎಂದಳು. ನಾನಿಲ್ಲಿ ಚೆನ್ನಾಗೇ ಇದ್ದೀನಿ ಅನ್ನೋದಕ್ಕೆ ಐರಿಶ್ ಮಕ್ಕಳ ಮಾತು ಅದು. ಅವಳನ್ನು ಯಾರೂ ಕೇಳಿರಲಿಲ್ಲ.

"ಇನ್ನೊಂದು ವಿಷ್ಯ. ಈ ತಿಂಗಳಿಂದ ಬಾಡಿಗೆ ನನ್ನ ಅಕೌಂಟಿಂದ ಹೋಗುತ್ತೆ."

"ಅಪ್ಪನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ. ನಾನೇ ಫೋನ್ ಮಾಡಿ ಹೇಳ್ತೀನಿ."

ಸಂಜೆಯವರೆಗೆ ನಾನು ಒಗೆದ ಬಟ್ಟೆ ಮಡಚಿದೆ, ಇವರು ಲ್ಯಾಪ್‌ಟಾಪ್ ಮುಂದೆಯೇ ಕೂತಿದ್ದರು. ಬದುಕಿನಲ್ಲಿ ಒಮ್ಮೆ ಬರುವಂಥ ಅವಕಾಶ ಇವರದು, ಸಂಕಟ ನನಗೂ ಇತ್ತು. ಆದರೆ ಬಾಯಿಬಿಟ್ಟು ಸಮಾಧಾನ ಹೇಳಲು ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇವರೇ ಕರೆದು, ಬರೆದ ಉತ್ತರ ತೋರಿಸಿದರು. ಕೌಟುಂಬಿಕ ಕಾರಣಗಳಿಂದ ಬರಲಾಗುತ್ತಿಲ್ಲ, ಕ್ಷಮಿಸಿ ಎಂದಿತ್ತು.

"ಕೌಟುಂಬಿಕ ಕಾರಣ ಅಂದ್ರೆ? ಮನೇಲಿ ಯಾರಿಗೋ ಕಾಯಿಲೆ ಅನ್ನೋ ಹಾಗಿದೆ. ನನ್ನ ಹೆಂಡತಿಗೆ ಇಲ್ಲಿ ಕೆಲಸ ಇದೆ ಅಂತ ಬರೀರಿ."

"ನಗ್ತಾರೆ ಕಣೇ."

"ನಗ್ಲಿ."

ಅಳಿಸಿ, ನಾನು ಹೇಳಿದಂತೆಯೇ ಬರೆದರು. ಕಳಿಸಲು ಇವರ ಬೆರಳು ಹಿಂದೆಮುಂದೆ ನೋಡುತ್ತಿತ್ತು. ನಾನೇ ಒತ್ತಿದೆ.