ಕಪ್ಪು ಎರಡರ ದೊಡ್ಡಪ್ಪ

ಮೂಡುಬಿದಿರೆಯಲ್ಲಿ ಬೆಳುವಾಯಿ ಬಸ್ಸು ತಪ್ಪಿದರೆ ನನಗೇನೂ ಬೇಸರವಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಓಣಿ ಉಂಟು, ಅದಕ್ಕೆ ನುಗ್ಗುತ್ತೇನೆ. ನೀವೂ ಬನ್ನಿ. ಒಂದು ಕಡೆ ಬ್ಯಾಂಡ್‌ಸೆಟ್ಟಿನವರು ಹಿತ್ತಾಳೆ ವಾದ್ಯಗಳಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿರುತ್ತಾರೆ. ಎದುರಿಗೆ ಚೆಂಡೆಗೆ ಹೊಸ ಚರ್ಮ ಬಿಗಿದು ಡಣ್ ಡಣ್ ಎಂದು ಬಡಿದು ನೋಡುತ್ತಿರುತ್ತಾರೆ. ಹಳೇ ಸಾಮಾನಿನ ಅಂಗಡಿಯಲ್ಲಿ ಗ್ರಾಮಫೋನು, ಮರದ ರೇಡಿಯೊ, ರಾಶಿ ರಾಶಿ ಕ್ಯಾಸೆಟ್ಟು. ಎಲ್ಲವನ್ನೂ ಮುಟ್ಟಿ, ರೇಟು ಕೇಳಿ, ಏನೂ ಕೊಳ್ಳದೆ ಹೊರಬರುವುದರಲ್ಲಿ ನನ್ನಷ್ಟು ನಿಸ್ಸೀಮಳು ಇನ್ನೊಬ್ಬಳಿಲ್ಲ.

ಮೊನ್ನೆಯೂ ಹಾಗೆಯೇ ಅಲೆಯುತ್ತಿದ್ದೆ. ಹಾರ್ಮೋನಿಯಂ ರಿಪೇರಿ ಅಂಗಡಿಯೊಳಗಿಂದ ಒಂದೇ ಸ್ವರ ಉದ್ದಕ್ಕೆ ಕೇಳಿತು. ಕಾಲು ಅಲ್ಲೇ ನಿಂತಿತು. ದೊಡ್ಡಪ್ಪ ಪದ್ಯ ಎತ್ತುವ ಮೊದಲು ವಿಟ್ಲದ ಮನೆಯ ಚಾವಡಿಯಲ್ಲಿ ತುಂಬುತ್ತಿದ್ದದ್ದು ಇಂಥದ್ದೇ ಸ್ವರ.

ದೊಡ್ಡಪ್ಪ ತಾಳಮದ್ದಳೆಯ ಭಾಗವತರು. ವೇಷವಿಲ್ಲದೆ ಕೂತಲ್ಲೇ ನಡೆಸುವ ಯಕ್ಷಗಾನ ಅದು. ಭಾಗವತರು ಹಾಡದಿದ್ದರೆ ಉಳಿದವರಿಗೆ ಮಾತೇ ಇಲ್ಲ. ನಮ್ಮ ಕಡೆ ಭಾಗವತರನ್ನು ಅಳೆಯುವುದು ಹಾರ್ಮೋನಿಯಂನಲ್ಲಿ ಬೆರಳೊತ್ತುವ ಬಿಳಿ-ಕಪ್ಪು ಮನೆಗಳ ಲೆಕ್ಕದಲ್ಲಿ. ದೊಡ್ಡಪ್ಪನದು ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆಯ ಏರು ಶ್ರುತಿ. "ನಮ್ಮವರದ್ದು ಕಪ್ಪು ಎರಡು" ಎಂದು ಮೀನಿನವಳ ಹತ್ತಿರವೂ ಹೇಳದೆ ದೊಡ್ಡಮ್ಮ ಬಿಡುತ್ತಿರಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಸ್ವರ ಅಲ್ಲಿಗೆ ಏರುವುದನ್ನು ಬಿಟ್ಟಿತು. "ಸ್ವಲ್ಪ ಇಳಿಸಿ ಹಾಡಿ ಮಾರಾಯ್ರೆ" ಎಂದವರಿಗೆ "ಕೆಮ್ಮು ಉಂಟು" ಎಂದು ಹೇಳಿ ಎದ್ದು ಹೋಗುತ್ತಿದ್ದರು. ಕ್ರಮೇಣ ಕೂಟಗಳಿಗೆ ಹೋಗುವುದೇ ನಿಂತಿತು. ಊಟ ಕಮ್ಮಿಯಾಯಿತು, ಜಗಳವೂ ಕಮ್ಮಿಯಾಯಿತು. ಜಗಳ ಕಮ್ಮಿಯಾದದ್ದು ಕಂಡು ದೊಡ್ಡಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹಾರ್ಮೋನಿಯಂನ ಗಾಳಿ ಸೋರುತ್ತದೆ ಎಂಬ ನೆವ ಹೂಡಿ ಅವಳು ಅವರನ್ನು ಇದೇ ಅಂಗಡಿಗೆ ಹೊರಡಿಸಿದಳು. ಚೀಲ ಹೊರಲು ನಾನು. ದೊಡ್ಡಪ್ಪ ಗ್ರಾಮಫೋನು ನೋಡಲು ಎದುರಂಗಡಿಗೆ ಹೋದದ್ದೇ ತಡ, ದೊಡ್ಡಮ್ಮ ಅಂಗಡಿಯವರಿಗೆ ಪಿಸುಗುಟ್ಟಿದಳು: "ಕಪ್ಪು ಎರಡು ಒತ್ತಿದರೆ ಸ್ವರ ಸ್ವಲ್ಪ ತಗ್ಗಿ ಬರುವ ಹಾಗೆ ಮಾಡಿ. ಅವರಿಗೆ ಹೇಳುವುದು ಬೇಡ." ದೊಡ್ಡಪ್ಪ ವಾಪಸು ಬಂದ ಮೇಲೆ ನಾವಿಬ್ಬರು ಮಲ್ಲಿಗೆ ತರಲು ಹೋದೆವು. ಅವರು ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ಕಾವಲು ಕೂತರು.

ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ಕೂಟ. ಮದ್ದಳೆಯವರು ಶ್ರುತಿಗೆ ಕೂಡಿಸಲು ಬಡಿದು ಬಡಿದು ಸುಸ್ತಾಗಿ, "ಇದೆಂಥ ಕಪ್ಪು ಎರಡು ಭಾಗವತರೇ?" ಎಂದರು. ದೊಡ್ಡಮ್ಮ ಗಡಿಬಿಡಿಯಲ್ಲಿ ಅವರ ಕೈಗೆ ಪಾನಕದ ಲೋಟ ತುರುಕಿದಳು.

"ನಿಮ್ಮ ಮದ್ದಳೆ ಸರಿಯಿಲ್ಲ, ಸುಮ್ಮನೆ ಬಾರಿಸಿ!" ಎಂದು ಗದರಿ ದೊಡ್ಡಪ್ಪ ಪದ್ಯ ಎತ್ತಿದರು. ಅಬ್ಬ, ಏನು ಹಾಡಿದರು! ತೀರಿಕೊಳ್ಳುವ ತಿಂಗಳವರೆಗೂ ಹಾಡಿದರು.

ಅವರು ಹೋದ ಮೇಲೆ ದೊಡ್ಡಮ್ಮ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದಳು. "ಅಷ್ಟು ನಂಬಿದ ಮನುಷ್ಯನಿಗೆ ಮೋಸ ಮಾಡಿದೆ. ಒಂದು ಮಾತು ಹೇಳಿಬಿಡಬೇಕಿತ್ತು" ಎಂದು ನನ್ನ ಹತ್ತಿರ ಎಷ್ಟು ಸಲ ಅತ್ತಿದ್ದಾಳೋ.

ಮೊನ್ನೆ ಅಂಗಡಿಯವರಿಗೆ ಗುರುತು ಹೇಳಿದೆ. ತಲೆ ನರೆತಿತ್ತು, ನೆನಪು ನರೆತಿರಲಿಲ್ಲ.

"ಓ, ಆ ಭಾಗವತರಾ! ನೀವು ಮಲ್ಲಿಗೆಗೆ ಹೋದಾಗ ಅವರೂ ಅದನ್ನೇ ಹೇಳಿದ್ದು. 'ಸ್ವಲ್ಪ ಇಳಿಸಿಡಿ, ಮನೆಯವಳಿಗೆ ಹೇಳಬೇಡಿ. ನನ್ನ ಕಪ್ಪು ಎರಡು ಹೋಯಿತೆಂದರೆ ಅವಳಿಗೆ ತಡೆಯಲಿಕ್ಕಿಲ್ಲ' ಅಂತ. ಇಬ್ಬರೂ ಹೇಳಿದರಲ್ಲ ಅಂತ ನಾನು ಒಂದಿಷ್ಟು ಹೆಚ್ಚೇ ಇಳಿಸಿದೆ."

ಅಲ್ಲೇ ನಿಂತು ದೊಡ್ಡಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಕಳ್ಳ!" ಎಂದಳು. "ಅವತ್ತು ಪದ್ಯ ಮುಗಿಸಿ ಒಳಗೆ ಬಂದು, 'ಹೇಗಿತ್ತು ಕಪ್ಪು ಎರಡು?' ಅಂತ ನನ್ನನ್ನೇ ಕೇಳಿದ್ದು ಮಾರಾಯ್ತಿ!" ನಗು ತಡೆಯಲಾರದೆ ಅವಳಿಗೆ ಕೆಮ್ಮು ಬಂತು. ಆಮೇಲೆ, "ಬೆಳುವಾಯಿಗೆ ನಾಳೆ ಹೋದರಾಯಿತು. ನೀನು ಸೀದಾ ಇಲ್ಲಿಗೆ ಬಾ, ಅಟ್ಟದಿಂದ ಪೆಟ್ಟಿಗೆ ಇಳಿಸುವ" ಎಂದಳು.

ಬಸ್‌ಸ್ಟ್ಯಾಂಡಿಗೆ ಬಂದರೆ ಬೆಳುವಾಯಿ ಬಸ್ಸು ನಿಂತಿತ್ತು. ಈ ಸಲ ಬೇಕೆಂದೇ ಬಿಟ್ಟೆ.