ಅತ್ತೆಯ ಕಿವಿಗೆ ಬೀಳಬಾರದ ಹೆಸರು

ಟಾಂಗಾ ಊರಿನ ರೇಡಿಯೋದಲ್ಲಿ ಇಪ್ಪತ್ತು ವರ್ಷದಿಂದ ಫುಟ್ಬಾಲ್ ವೀಕ್ಷಕ ವಿವರಣೆ ಕೊಡುವವನು ನಾನು. ನನ್ನ ಬಾಯಿಗೆ ಬೀಗವಿಲ್ಲ ಎಂಬ ಹೆಮ್ಮೆ ಬೇರೆ. ಆದರೆ ಆ ಶನಿವಾರ ದೂರದೇಶದ ತಂಡದ ಪಟ್ಟಿ ನೋಡಿ ಬೀಗ ಹುಡುಕುವ ಹಾಗಾಯಿತು. ಒಂಬತ್ತನೇ ನಂಬರಿನವನಿಗೆ ಹೆತ್ತವರು ಮುದ್ದಿನಿಂದ ಇಟ್ಟ ಹೆಸರು ನಮ್ಮ ಸ್ವಾಹಿಲಿ ಭಾಷೆಯಲ್ಲಿ ಹೊಲಸು ಬೈಗುಳ!

ನನ್ನ ಅತ್ತೆ ಮ್ವಾನಾಶಾ ಜಗಲಿಯಲ್ಲಿ ನೆರೆಯವರಿಗೆಲ್ಲ ಕಾಫಿ ಕೊಟ್ಟು ಅಳಿಯನ ರೇಡಿಯೋ ಕೇಳಿಸುತ್ತಾರೆ. ಅತ್ತೆಯ ಎದುರು ಕಾಲುಚಾಚಿ ಕೂರುವುದೂ ನಮ್ಮಲ್ಲಿ ಸಲ್ಲದು. ಇನ್ನು ಆ ಮಾತೆಲ್ಲಿ ಬಂತು? ತೊಂಬತ್ತು ನಿಮಿಷವೂ ಅವನನ್ನು 'ಉದ್ದನೆಯವರು', 'ನಮ್ಮ ಅತಿಥಿಗಳು' ಎನ್ನುತ್ತ ಏಗಿದೆ. ಪಾಪಿ, ಮೂರು ಗೋಲು ಹೊಡೆದ.

ಊರಿನ ಮಾನ ಉಳಿಸಿದೆನೆಂದು ಬೀಗುತ್ತ ಮರುದಿನ ಅತ್ತೆಯ ಮನೆಗೆ ಹೋದೆ. ಅವರು ಕಾಫಿ ಬಟ್ಟಲು ಮುಂದಿಟ್ಟು ಕೇಳಿದರು:

"ಅಲ್ಲ ಅಳಿಯಂದ್ರೇ, ಎಲ್ಲರ ಹೆಸರು ಹೇಳಿ ಒಬ್ಬನದ್ದು ಮಾತ್ರ ನುಂಗಿದ್ರೆ ಜನ ಸುಮ್ನಿರ್ತಾರಾ? ಮೈದಾನದಲ್ಲಿದ್ದೋರಿಗೆ ಆಗ್ಲೇ ಫೋನ್ ಮಾಡಿ ತಿಳ್ಕೊಂಡ್ವಿ."

"ಅಯ್ಯೋ! ನಿಮಗೂ ಗೊತ್ತಾಯ್ತಾ?"

"ಗೊತ್ತಾಗದೆ? ಗೋಲು ಹೊಡೆದದ್ದು ಯಾರು ಅಂತ ನಿಮ್ಮ ಮಾವ ಪ್ರತಿ ಸಲಾನೂ ಕೇಳಿದ್ರು. ಅವರಿಗೋ ಕಿವಿ ಮಂದ. ಬೀದಿಗೆಲ್ಲ ಕೇಳೋ ಹಾಗೆ ಮೂರು ಸಲ ಕೂಗಿ ಹೇಳಿದ್ದು ನಾನೇ."